ಪ್ರೊಸೆಸರ್ ತಾಪಮಾನ ಕಾಣೆ: ತೀರ್ಥಹಳ್ಳಿ ಕಡೆಯ ಒಂದು ಮನೆ ಸರ್ವರ್‌ನ ಪ್ರಕರಣ

ಮನೆ ಇರುವುದು ತೀರ್ಥಹಳ್ಳಿ ತಾಲೂಕಿನ ಒಂದು ಅಡಿಕೆ ತೋಟದ ನಡುವೆ. ಸರ್ವರ್ ಎಂದರೆ ದೊಡ್ಡದೇನಲ್ಲ, ಉಪ್ಪರಿಗೆ ಕೋಣೆಯ ಮೇಜಿನ ಕೆಳಗೆ ಕೂತಿರುವ ಒಂದು ಸೆಕೆಂಡ್‌ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್. ಇಂಟೆಲ್ ಕೋರ್ ಐ5-6500 ಪ್ರೊಸೆಸರ್ (ನಾಲ್ಕು ಕೋರ್, 65 ವ್ಯಾಟ್), 16 ಜಿಬಿ ರ್ಯಾಮ್, 256 ಜಿಬಿ ಸಾಟಾ ಎಸ್‌ಎಸ್‌ಡಿ, ಜೊತೆಗೆ ಕ್ಯಾಮೆರಾ ರೆಕಾರ್ಡಿಂಗ್‌ಗೆಂದು ಹಾಕಿದ 4 ಟಿಬಿ ಹಾರ್ಡ್ ಡಿಸ್ಕ್. ಗೋಡೆಯ ಆಚೆ ಕೋಣೆಯಲ್ಲಿ ಅಡಿಕೆ ಮೂಟೆಗಳು, ಕೆಳಗೆ ಬಚ್ಚಲೊಲೆ. ಈ ಎರಡು ವಿವರಗಳಿಗೆ ಆಮೇಲೆ ಕೆಲಸವಿದೆ.

ಯಂತ್ರದ ಮೇಲೆ ಓಡುವುದು ಹೋಮ್ ಅಸಿಸ್ಟೆಂಟ್ ಎಂಬ, ಮನೆಯ ಉಪಕರಣ ಸಂಭಾಳಿಸುವ ಸಾಫ್ಟ್‌ವೇರ್. ತೋಟದ ಪಂಪು, ಇನ್ವರ್ಟರ್ ಬ್ಯಾಟರಿಯ ಲೆಕ್ಕ, ಅಂಗಳದ ದೀಪ ಎಲ್ಲ ಅದರ ಕೈಯಲ್ಲಿ. ಕ್ಯಾಮೆರಾಗಳನ್ನು ಅದರೊಳಗಿನ ಫ್ರಿಗೇಟ್ ಆಡ್-ಆನ್ ನೋಡಿಕೊಳ್ಳುತ್ತದೆ. ದೂರದಿಂದ ಇದನ್ನು ಸಂಭಾಳಿಸುವವನು ಬೆಂಗಳೂರಿನಲ್ಲಿರುವ ಮಗ. ಸ್ಥಳದಲ್ಲಿ ಕೈಕಾಲು ಅಪ್ಪಯ್ಯ.

ಏಪ್ರಿಲ್‌ವರೆಗೆ ಹೋಮ್ ಅಸಿಸ್ಟೆಂಟ್ ಓಎಸ್ ನೇರವಾಗಿ ಯಂತ್ರದ ಮೇಲೇ ಇತ್ತು. ಅದರ ಸಿಸ್ಟಂ ಮಾನಿಟರ್ ಕೊಡುತ್ತಿದ್ದ ಪ್ರೊಸೆಸರ್ ತಾಪಮಾನ ಸಾಮಾನ್ಯವಾಗಿ 45ರಿಂದ 50 ಡಿಗ್ರಿ. ಬೇರೆ ಕೆಲಸಗಳಿಗೂ ಜಾಗ ಆಗಲಿ ಎಂದು ಮಗ ಅದೇ ಯಂತ್ರಕ್ಕೆ ಪ್ರಾಕ್ಸ್‌ಮಾಕ್ಸ್ 8 (ಒಂದೇ ಯಂತ್ರದೊಳಗೆ ಹಲವು ಯಂತ್ರ ಓಡಿಸುವ ಸಾಫ್ಟ್‌ವೇರ್) ಹಾಕಿ, ಒಳಗೊಂದು ವರ್ಚುವಲ್ ಮಷೀನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಯಂತ್ರ, ಮಾಡಿ, ಬ್ಯಾಕಪ್‌ನಿಂದ ಹೋಮ್ ಅಸಿಸ್ಟೆಂಟನ್ನು ಅದರೊಳಗೆ ಕೂರಿಸಿದ. ಪಂಪು ಬಂತು, ಕ್ಯಾಮೆರಾ ಬಂತು, ಎರಡು ವರ್ಷದ ಗ್ರಾಫುಗಳೂ ಬಂದವು. ಪರದೆಯ ಮೇಲಿನ ಪ್ರೊಸೆಸರ್ ತಾಪಮಾನದ ಚೌಕ ಮಾತ್ರ ‘ಅನ್‌ಅವೈಲೆಬಲ್’ ಎಂದು ಬೂದಿಬಣ್ಣಕ್ಕೆ ತಿರುಗಿ ಕೂತಿತು.

ಸೆನ್ಸರ್ ಸತ್ತಿತೇ?

ಅದಕ್ಕೆ ಎರಡು ದಿನ ಮೊದಲು ಗುಡುಗು ಮಳೆ ಬಂದು ರೌಟರ್‌ನ ಅಡಾಪ್ಟರ್ ಸುಟ್ಟಿತ್ತು. ಹಾಗಾಗಿ ಮನೆಯಲ್ಲಿ ಹುಟ್ಟಿದ ಮೊದಲ ಅನುಮಾನ, ಸಿಡಿಲಿಗೆ ಸೆನ್ಸರ್ ಹೋಗಿದೆ ಎನ್ನುವುದು. ಮಲೆನಾಡಿನಲ್ಲಿ ಏನು ಕೆಟ್ಟರೂ ಮೊದಲು ಸಿಡಿಲು, ಆಮೇಲೆ ಥಂಡಿ. ಮೋಡೆಮ್ಮು, ಇನ್ವರ್ಟರ್ ವಿಷಯದಲ್ಲಿ ಈ ಅನುಮಾನ ಹೆಚ್ಚಿನ ಸಲ ಸರಿಯೇ. ಪ್ರೊಸೆಸರ್ ತಾಪಮಾನದ ವಿಷಯದಲ್ಲಿ ಅಲ್ಲ.

ಕಾರಣ ಇಷ್ಟೆ. ಈ ಸೆನ್ಸರ್ ಮದರ್‌ಬೋರ್ಡಿಗೆ ಅಂಟಿಸಿದ ಬೇರೆ ಬಿಡಿಭಾಗ ಅಲ್ಲ. ಪ್ರತಿ ಕೋರ್‌ನ ಪಕ್ಕದಲ್ಲೇ, ಅದೇ ಸಿಲಿಕಾನ್ ಚೂರಿನ ಮೇಲೆ ಕೊರೆದಿರುವ ಡಿಜಿಟಲ್ ಥರ್ಮಲ್ ಸೆನ್ಸರ್ ಅದು. ಬಿಸಿ ಹೆಚ್ಚಾದಾಗ ವೇಗ ಇಳಿಸುವುದು, ಕೈಮೀರಿದಾಗ ಯಂತ್ರವನ್ನೇ ಆರಿಸುವುದು, ಈ ರಕ್ಷಣೆಗಳೆಲ್ಲ ನಿಂತಿರುವುದು ಪ್ರೊಸೆಸರ್‌ನೊಳಗಿನ ಇಂಥ ಸೆನ್ಸರ್‌ಗಳ ಮೇಲೆಯೇ. ಪ್ರೊಸೆಸರ್ ನೆಟ್ಟಗೆ ಓಡುತ್ತಿದೆ, ಸೆನ್ಸರ್ ಒಂದೇ ಸತ್ತಿದೆ ಎನ್ನುವ ಪರಿಸ್ಥಿತಿ ಹೆಚ್ಚುಕಮ್ಮಿ ಇಲ್ಲವೆಂದೇ ಇಟ್ಟುಕೊಳ್ಳಬಹುದು. ಓದು (ಸೆನ್ಸರ್ ಕೊಡುವ ಅಂಕಿ) ಕಾಣದಿದ್ದರೆ ನೋಡಬೇಕಾದದ್ದು ಓದುವವನನ್ನು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಈ ಸೆನ್ಸರ್ ನೇರವಾಗಿ 48 ಡಿಗ್ರಿ ಎಂದು ಹೇಳುವುದಿಲ್ಲ. ಗರಿಷ್ಠ ಮಿತಿಗಿಂತ ಎಷ್ಟು ಕೆಳಗಿದ್ದೇನೆ ಎಂದಷ್ಟೇ ಹೇಳುತ್ತದೆ. ಈ ಪ್ರೊಸೆಸರ್‌ಗೆ ಆ ಮಿತಿ 100 ಡಿಗ್ರಿ. ಸೆನ್ಸರ್ 52 ಎಂದರೆ, ಲಿನಕ್ಸ್‌ನ ‘ಕೋರ್‌ಟೆಂಪ್’ ಡ್ರೈವರ್ (ಸೆನ್ಸರನ್ನು ಓದುವ ಪ್ರೋಗ್ರಾಂ) 100ರಿಂದ ಅದನ್ನು ಕಳೆದು 48 ಎಂದು ತೋರಿಸುತ್ತದೆ. ಎಣಿಕೆ ಮಿತಿಯ ಹತ್ತಿರ ನಂಬಿಕಸ್ಥ, ಕೆಳಗೆ ಬಂದ ಹಾಗೆ ಒಂದಿಷ್ಟು ಸಡಿಲ. ಚಳಿಗಾಲದ ಬೆಳಗ್ಗೆ ಒಂದು ಕೋರ್ 31, ಪಕ್ಕದ್ದು 35 ಎಂದರೆ ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ಕೇಳಿದ ಜಾಗ ಬದಲಾಗಿತ್ತು

ಇಂಥ ದೂರಿನಲ್ಲಿ ಮೊದಲು ಕೊಡಬೇಕಾದ ಕಮಾಂಡ್ ತಾಪಮಾನದ್ದಲ್ಲ, ‘ಸಿಸ್ಟಂಡಿ-ಡಿಟೆಕ್ಟ್-ವರ್ಟ್’. ಅದು ‘ನನ್’ ಎಂದರೆ ನೀವು ಕೂತಿರುವುದು ನಿಜವಾದ ಯಂತ್ರದ ಮೇಲೆ. ‘ಕೆವಿಎಂ’ ಎಂದರೆ ವರ್ಚುವಲ್ ಮಷೀನಿನೊಳಗೆ. ‘ಎಲ್‌ಎಕ್ಸ್‌ಸಿ’ ಎಂದರೆ ಕಂಟೇನರ್‌ನಲ್ಲಿ, ಅಂದರೆ ಅದೇ ಓಎಸ್‌ನೊಳಗೆ ಬೇಲಿ ಹಾಕಿದ ಒಂದು ಮೂಲೆಯಲ್ಲಿ. ಮುಂದಿನ ದಾರಿ ಪೂರ್ತಿ ಈ ಒಂದು ಪದದ ಮೇಲೆ ನಿಂತಿದೆ.

ವರ್ಚುವಲ್ ಮಷೀನಿಗೆ ಕಾಣುವ ಪ್ರೊಸೆಸರ್ ಒಂದು ವೇಷ. ತನ್ನಲ್ಲಿ ಥರ್ಮಲ್ ಸೆನ್ಸರ್ ಇದೆಯೇ ಇಲ್ಲವೇ ಎಂದು ಪ್ರೊಸೆಸರ್ ಹೇಳಿಕೊಳ್ಳುವ ಒಂದು ಗುರುತು ಇರುತ್ತದೆ. ವರ್ಚುವಲ್ ಮಷೀನ್ ಓಡಿಸುವ ಕೆವಿಎಂ ಆ ಗುರುತನ್ನು ಒಳಗಿನವರಿಗೆ ತೋರಿಸುವುದಿಲ್ಲ. ಗುರುತು ಕಾಣದ ಮೇಲೆ ಕೋರ್‌ಟೆಂಪ್ ಡ್ರೈವರ್ ತಾನಾಗಿ ಲೋಡ್ ಆಗುವುದಿಲ್ಲ. ಬಲವಂತ ಮಾಡಿದರೆ ‘ನೋ ಸಚ್ ಡಿವೈಸ್’ ಎಂದು ವಾಪಸ್ ಬರುತ್ತದೆ. ಮಗ ಇದನ್ನು ಒಂದು ಪುಟ್ಟ ಡೆಬಿಯನ್ ವರ್ಚುವಲ್ ಮಷೀನಿನಲ್ಲಿ ಮಾಡಿ ನೋಡಿದ, ಹಾಗೇ ಆಯಿತು. ಪ್ರಾಕ್ಸ್‌ಮಾಕ್ಸ್ 8 ಹೊಸ ಮಷೀನಿಗೆ ಸಾಮಾನ್ಯವಾಗಿ ಕೊಡುವ ‘ಎಕ್ಸ್86-64-ವಿ2-ಎಇಎಸ್’ ಎಂಬ ಪ್ರೊಸೆಸರ್ ಬಗೆಯನ್ನು ‘ಹೋಸ್ಟ್’ (ಹೊರಗಿನ ನಿಜವಾದ ಯಂತ್ರದ್ದೇ) ಎಂದು ಬದಲಿಸಿದರೆ ಸರಿಹೋಗಬಹುದು ಎಂದುಕೊಂಡು ಅದನ್ನೂ ಮಾಡಿದ. ಏನೂ ಆಗಲಿಲ್ಲ. ‘ಹೋಸ್ಟ್’ ಎಂದು ಹಾಕಿದರೆ ಲೆಕ್ಕ ಮಾಡುವ ಸಾಮರ್ಥ್ಯಗಳು ಒಳಗೆ ದಾಟುತ್ತವೆ, ಥರ್ಮಾಮೀಟರು ದಾಟುವುದಿಲ್ಲ. ದಾಟದಿರುವುದೇ ಸರಿ ಕೂಡ: ವರ್ಚುವಲ್ ಮಷೀನಿಗೆ ಕೊಟ್ಟ ಮೂರು ಕೋರ್‌ಗಳು ಈ ಕ್ಷಣ ಹೊರಗಿನ ಯಾವ ಕೋರ್ ಮೇಲೆ ಓಡುತ್ತಿವೆ ಎನ್ನುವುದೇ ನಿಶ್ಚಿತವಿಲ್ಲದಾಗ ‘ಕೋರ್ 0 ಎಷ್ಟು ಬಿಸಿ’ ಎಂಬ ಪ್ರಶ್ನೆಗೆ ಅರ್ಥವಿಲ್ಲ.

ಹೋಮ್ ಅಸಿಸ್ಟೆಂಟನ್ನು ವರ್ಚುವಲ್ ಮಷೀನಿನ ಬದಲು ಕಂಟೇನರ್‌ನಲ್ಲಿ ಕೂರಿಸಿದ್ದರೆ ಈ ಪ್ರಕರಣವೇ ಹುಟ್ಟುತ್ತಿರಲಿಲ್ಲ. ಕಂಟೇನರ್‌ಗೂ ಹೋಸ್ಟ್‌ಗೂ ಕರ್ನಲ್, ಅಂದರೆ ಓಎಸ್‌ನ ತಿರುಳು, ಒಂದೇ; ಹಾಗಾಗಿ ಓದು ಒಳಗೂ ಕಾಣುತ್ತದೆ. ಆದರೆ ಆಗ ಆಡ್-ಆನ್‌ಗಳು ಸಿಗುವುದಿಲ್ಲ, ಫ್ರಿಗೇಟನ್ನು ಬೇರೆಯಾಗಿ ಹಾಕಬೇಕು. ಒಂದು ತಾಪಮಾನದ ಚೌಕಕ್ಕಾಗಿ ಮನೆಯನ್ನೇ ಕಿತ್ತು ಕಟ್ಟುವ ಅಗತ್ಯ ಇರಲಿಲ್ಲ.

ಹೋಸ್ಟ್‌ನಲ್ಲಿ ಕಂಡ ಪಟ್ಟಿ

ಪ್ರಾಕ್ಸ್‌ಮಾಕ್ಸ್‌ನ ವೆಬ್ ಪರದೆಯಲ್ಲಿ ತಾಪಮಾನ ತೋರಿಸುವ ಜಾಗವೇ ಇಲ್ಲ. ಅದರ ಫೈಲುಗಳನ್ನು ತಿದ್ದಿ ಒಂದು ಸಾಲು ಸೇರಿಸುವವರು ಇದ್ದಾರೆ, ಮುಂದಿನ ಅಪ್‌ಡೇಟ್ ಅದನ್ನು ಒರೆಸಿ ಹಾಕುತ್ತದೆ. ಆ ಉಸಾಬರಿ ಬೇಡ. ಹೋಸ್ಟ್‌ನ ಶೆಲ್‌ನಲ್ಲಿ ‘ಎಲ್‌ಎಂ-ಸೆನ್ಸರ್ಸ್’ ಪ್ಯಾಕೇಜ್ ಹಾಕಿ ‘ಸೆನ್ಸರ್ಸ್’ ಎಂದು ಕೊಟ್ಟರೆ ಸಾಕು. ಇಲ್ಲಿ ಬಂದದ್ದು ಮೂರು ಚಿಪ್‌ಗಳ ಪಟ್ಟಿ: ‘ಎಸಿಪಿಐಟಿಜಡ್’, ‘ಪಿಸಿಎಚ್_ಸ್ಕೈಲೇಕ್’, ‘ಕೋರ್‌ಟೆಂಪ್’.

ಮೊದಲನೆಯದರಲ್ಲಿ ಎರಡು ಸಾಲು, 27.8 ಮತ್ತು 29.8. ಈ ಎರಡು ಅಂಕಿಗಳನ್ನು ಎಲ್ಲಾದರೂ ಕಂಡರೆ ನಂಬಬೇಡಿ. ಇದು ಬಯಾಸ್ (ಮದರ್‌ಬೋರ್ಡಿನೊಳಗೇ ಇರುವ ಮೂಲ ಪ್ರೋಗ್ರಾಂ) ಕೊಡುವ ಓದು, ಸೆನ್ಸರ್‌ನದ್ದಲ್ಲ. ಎಸಿಪಿಐ, ಅಂದರೆ ಬಯಾಸ್ ಮತ್ತು ಓಎಸ್ ನಡುವಿನ ಮಾತುಕತೆಯ ನಿಯಮದ ಪ್ರಕಾರ ಬಯಾಸ್ ತಾಪಮಾನವನ್ನು ಕೆಲ್ವಿನ್‌ನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಕೊಡಬೇಕು. ಎಷ್ಟೋ ಮದರ್‌ಬೋರ್ಡ್‌ಗಳ ಬಯಾಸ್‌ನಲ್ಲಿ ಅಳತೆ ಮಾಡುವ ಬದಲು 3010, 3030 ಎಂದು ಬರೆದೇ ಇಟ್ಟಿರುತ್ತಾರೆ. ಅದರಿಂದ 2732 ಕಳೆದು ಹತ್ತರಿಂದ ಭಾಗಿಸಿದರೆ 27.8, 29.8. ಯಂತ್ರಕ್ಕೆ ಬೆಂಕಿ ಹತ್ತಿದರೂ ಅದೇ 27.8. ಏಪ್ರಿಲ್‌ನ ಆ ಮಧ್ಯಾಹ್ನ ಉಪ್ಪರಿಗೆ ಕೋಣೆಯೇ 34 ಡಿಗ್ರಿ ಇತ್ತು. ಗಾಳಿಯಿಂದ ತಣಿಯುವ ಯಾವ ಪ್ರೊಸೆಸರೂ ಕೋಣೆಗಿಂತ ತಂಪಾಗಿ ಇರಲಾರದು. ಒಂದು ಓದು ನಿಜವೋ ಸುಳ್ಳೋ ಎಂದು ತಿಳಿಯಲು ಗೋಡೆಯ ಮೇಲಿನ ಥರ್ಮಾಮೀಟರ್ ಎಷ್ಟು ಉಪಯೋಗಕ್ಕೆ ಬರುತ್ತದೆ ಎನ್ನುವುದನ್ನು ಜನ ಮರೆಯುತ್ತಾರೆ.

ಎರಡನೆಯದು ಚಿಪ್‌ಸೆಟ್‌ನ ಬಿಸಿ, ಪ್ರೊಸೆಸರ್‌ನದ್ದಲ್ಲ. ಮೂರನೆಯದೇ ಬೇಕಾದ್ದು. ಅದರ ಮೊದಲ ಸಾಲು ‘ಪ್ಯಾಕೇಜ್ ಐಡಿ 0’, ಇಡೀ ಪ್ರೊಸೆಸರ್‌ನ ಓದು, ಆಗ 48. ಕೆಳಗೆ ನಾಲ್ಕು ಕೋರ್‌ಗಳ ನಾಲ್ಕು ಸಾಲು. ‘ಸೆನ್ಸರ್ಸ್-ಡಿಟೆಕ್ಟ್’ ಓಡಿಸುವ ಅಗತ್ಯವೇ ಬೀಳಲಿಲ್ಲ. ಅದು ಫ್ಯಾನ್ ವೇಗ, ವೋಲ್ಟೇಜ್ ಕೊಡುವ ಮದರ್‌ಬೋರ್ಡ್ ಚಿಪ್ ಹುಡುಕುವುದಕ್ಕೆ ಬೇಕಾಗುತ್ತದೆ. ಓಡಿಸುವುದಿದ್ದರೂ ಅದು ತೋರಿಸುವ ಉತ್ತರವನ್ನೇ ಒಪ್ಪಿ ಎಂಟರ್ ಒತ್ತುತ್ತ ಹೋಗಿ.

ನಿಜವಾದ ಯಂತ್ರದ ಮೇಲೂ ಕೋರ್‌ಟೆಂಪ್ ಕಾಣದಿದ್ದರೆ, ನೋಡಬೇಕಾದ ಮೊದಲ ಜಾಗ ‘ಇಟಿಸಿ’ಯ ‘ಮೋಡ್‌ಪ್ರೋಬ್.ಡಿ’ ಫೋಲ್ಡರ್, ಅಲ್ಲಿ ಯಾರಾದರೂ ಅದನ್ನು ಬ್ಲ್ಯಾಕ್‌ಲಿಸ್ಟ್ ಮಾಡಿರಬಹುದು. ಎಎಂಡಿ ಯಂತ್ರವಾದರೆ ಡ್ರೈವರ್ ಹೆಸರು ‘ಕೆ10ಟೆಂಪ್’. ಅಲ್ಲಿ ಹೆಚ್ಚಾಗಿ ಕಾಡುವುದು ಕರ್ನಲ್ ಹಳೆಯದು, ಪ್ರೊಸೆಸರ್ ಹೊಸದು ಎಂಬ ಸಮಸ್ಯೆ: ರೈಜೆನ್‌ನ ಪ್ರತಿ ಹೊಸ ಪೀಳಿಗೆಯ ಪಿಸಿಐ ಗುರುತನ್ನು ಡ್ರೈವರ್‌ನೊಳಗೆ ಸೇರಿಸಬೇಕು, ಸೇರಿಸದ ಕರ್ನಲ್‌ಗೆ ಆ ಪ್ರೊಸೆಸರ್ ಅಪರಿಚಿತ. ಹೊಸ ಕರ್ನಲ್ ಹಾಕುವುದೇ ಮದ್ದು. ರೈಜೆನ್ 7 1700ಎಕ್ಸ್, 1800ಎಕ್ಸ್‌ಗಳಲ್ಲಿ ‘ಟಿಕಂಟ್ರೋಲ್’ ಎನ್ನುವ ಓದು ನಿಜಕ್ಕಿಂತ 20 ಡಿಗ್ರಿ, 2700ಎಕ್ಸ್‌ನಲ್ಲಿ 10 ಡಿಗ್ರಿ ಹೆಚ್ಚೇ ಇರುತ್ತದೆ, ಫ್ಯಾನ್ ಓಡಿಸುವ ಲೆಕ್ಕಕ್ಕಾಗಿ ಬೇಕೆಂದೇ ಇಟ್ಟದ್ದು.

ಸಂಖ್ಯೆ ಹಿಡಿದು ಬರೆದ ಸ್ಕ್ರಿಪ್ಟ್

ಓದು ಹೋಸ್ಟ್‌ನಲ್ಲಿದೆ, ಬೇಕಾಗಿರುವುದು ವರ್ಚುವಲ್ ಮಷೀನಿನಲ್ಲಿ. ಎಂಕ್ಯೂಟಿಟಿ (ಸಣ್ಣ ಸಂದೇಶ ಕಳಿಸುವ ಪದ್ಧತಿ) ಮೂಲಕ ದಾಟಿಸುವುದು ಸುಲಭ, ಹೋಮ್ ಅಸಿಸ್ಟೆಂಟ್‌ನಲ್ಲಿ ಆ ಸಂದೇಶಗಳನ್ನು ಹಂಚುವ ಮಾಸ್ಕಿಟೋ ಬ್ರೋಕರ್ ಹೇಗೂ ಇತ್ತು. ಮಗ ಹೋಸ್ಟ್ ಮೇಲೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದ: ‘ಸಿಸ್’ ಫೋಲ್ಡರ್‌ನ ‘ಕ್ಲಾಸ್’ ಒಳಗೆ, ‘ಎಚ್‌ಡಬ್ಲ್ಯುಮಾನ್’ ಒಳಗೆ, ‘ಎಚ್‌ಡಬ್ಲ್ಯುಮಾನ್2’ರ ‘ಟೆಂಪ್1_ಇನ್‌ಪುಟ್’ ಫೈಲನ್ನು ಓದು, ಸಾವಿರದಿಂದ ಭಾಗಿಸು, 30 ಸೆಕೆಂಡಿಗೊಮ್ಮೆ ಬ್ರೋಕರ್‌ಗೆ ಕಳಿಸು. ಸಾವಿರದಿಂದ ಭಾಗಿಸುವುದು ಏಕೆಂದರೆ ಕರ್ನಲ್ ಕೊಡುವುದು ಮಿಲಿಡಿಗ್ರಿಯಲ್ಲಿ; 48 ಡಿಗ್ರಿ ಎಂದರೆ ಫೈಲಿನಲ್ಲಿ 48000.

ಚೌಕ ಮತ್ತೆ ಹಸಿರಾಯಿತು. ಏಪ್ರಿಲ್, ಮೇ, ಜೂನ್, ಜುಲೈ ಸರಿಯಾಗೇ ಓಡಿತು. ಪ್ರಕರಣ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ನಿಜವಾದ ದೋಷ ಹುಟ್ಟಿದ್ದು ಇಲ್ಲಿ.

‘ಎಚ್‌ಡಬ್ಲ್ಯುಮಾನ್2’ ಎನ್ನುವುದರಲ್ಲಿ ಆ 2 ಕೋರ್‌ಟೆಂಪ್‌ನ ಹೆಸರಲ್ಲ, ಅದಕ್ಕೆ ಆವತ್ತು ಸಿಕ್ಕ ಟೋಕನ್ ನಂಬರ್. ಯಾವ ಡ್ರೈವರ್ ಮೊದಲು ಬಂದು ನೋಂದಣಿ ಮಾಡಿಸಿತೋ ಅದಕ್ಕೆ 0, ಆಮೇಲಿನದಕ್ಕೆ 1, ಹೀಗೆ. ಮುಂದಿನ ಬೂಟ್‌ನಲ್ಲಿ ಸಾಲು ಬದಲಾದರೆ ಟೋಕನ್ನೂ ಬದಲು.

ಆಗಸ್ಟ್‌ನಲ್ಲಿ ಮಗ ಹಾರ್ಡ್ ಡಿಸ್ಕಿನ ತಾಪಮಾನವೂ ಕಾಣಲಿ ಎಂದು ‘ಡ್ರೈವ್‌ಟೆಂಪ್’ ಎಂಬ ಮಾಡ್ಯೂಲ್ (ಕರ್ನಲ್‌ಗೆ ಸೇರಿಸುವ ಡ್ರೈವರ್) ಸೇರಿಸಿದ. ಕರ್ನಲ್ 5.6ರಿಂದ ಇರುವ ಒಳ್ಳೆಯ ಮಾಡ್ಯೂಲ್ ಅದು, ಸಾಟಾ ಡಿಸ್ಕಿನ ಬಿಸಿಯನ್ನು ನೇರ ಕೊಡುತ್ತದೆ. ತಾನಾಗಿ ಲೋಡ್ ಆಗುವುದಿಲ್ಲವಾದ್ದರಿಂದ ‘ಇಟಿಸಿ’ಯ ‘ಮಾಡ್ಯೂಲ್ಸ್’ ಫೈಲಿಗೆ ಅದರ ಹೆಸರು ಬರೆದ. ಆ ಫೈಲಿನಲ್ಲಿ ಬರೆದವು ಬೂಟ್‌ನ ಆರಂಭದಲ್ಲೇ ಬರುತ್ತವೆ, ಕೋರ್‌ಟೆಂಪ್‌ನಂಥವು ಆಮೇಲೆ. ಆದರೆ ಆವತ್ತು ಯಂತ್ರ ರೀಬೂಟ್ ಆಗಲಿಲ್ಲ. ಮಾಡ್ಯೂಲನ್ನು ಕೈಯಿಂದ ಲೋಡ್ ಮಾಡಿದ್ದರಿಂದ ಎರಡು ಡಿಸ್ಕ್‌ಗೆ 3 ಮತ್ತು 4 ಸಿಕ್ಕವು, ಕೋರ್‌ಟೆಂಪ್ 2ರಲ್ಲೇ ಉಳಿಯಿತು. ಎಲ್ಲ ಸರಿ ಕಂಡಿತು.

ಮೂರು ವಾರದ ಮೇಲೆ ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ಲೈನು ಹೋಗಿ, ಬೆಳಗಿನ ಜಾವ ಇನ್ವರ್ಟರ್ ಬ್ಯಾಟರಿ ಖಾಲಿಯಾಗಿ, ಸರ್ವರ್ ಆರಿತು. ಕರೆಂಟು ಬಂದ ಮೇಲೆ ತಾನಾಗಿ ಎದ್ದಿತು. ಈ ಸಲ ಸಾಲು ಹೀಗಿತ್ತು: 0 ಎಸಿಪಿಐಟಿಜಡ್, 1 ಎಸ್‌ಎಸ್‌ಡಿ, 2 ಹಾರ್ಡ್ ಡಿಸ್ಕ್, 3 ಚಿಪ್‌ಸೆಟ್, 4 ಕೋರ್‌ಟೆಂಪ್. ಸ್ಕ್ರಿಪ್ಟ್ ಎಂದಿನಂತೆ 2ನ್ನೇ ಓದಿತು. ಅಂದಿನಿಂದ ‘ಪ್ರೊಸೆಸರ್ ತಾಪಮಾನ’ ಎಂದು ಮನೆಯವರು ನೋಡುತ್ತಿದ್ದದ್ದು ಹಾರ್ಡ್ ಡಿಸ್ಕಿನ ತಾಪಮಾನ.

ತಪ್ಪು ಮಾಡಿದ ದಿನಕ್ಕೂ ತಪ್ಪು ಜಾರಿಗೆ ಬಂದ ದಿನಕ್ಕೂ ನಡುವೆ ಮೂರು ವಾರ. ಹಾಗಾಗಿ ಎರಡನ್ನೂ ಯಾರೂ ಜೋಡಿಸಿ ನೋಡಲಿಲ್ಲ. ಬೂಟ್‌ಗೆ ಸಂಬಂಧಪಟ್ಟ ಏನನ್ನೇ ಮುಟ್ಟಿದರೂ ಅದೇ ದಿನ, ನೆನಪು ಹಸಿಯಿರುವಾಗಲೇ, ಒಮ್ಮೆ ರೀಬೂಟ್ ಮಾಡಿ ನೋಡಬೇಕು ಎನ್ನುವುದು ಇದಕ್ಕೇ.

37 ಡಿಗ್ರಿ

ಡಿಸೆಂಬರ್‌ನಲ್ಲಿ ಅಡಿಕೆ ಸುಗ್ಗಿ. ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಿರುವಾಗ ಕಾವಲು ಬೇಕು, ಅದಕ್ಕೆಂದು ಇದ್ದ ಎರಡು ಕ್ಯಾಮೆರಾ ನಾಲ್ಕಾದವು. ಫ್ರಿಗೇಟ್ ಮನುಷ್ಯರನ್ನು ಗುರುತಿಸುವ ಕೆಲಸವನ್ನು ಇಲ್ಲಿ ಪ್ರೊಸೆಸರ್ ಮೇಲೆಯೇ ಮಾಡುತ್ತಿತ್ತು, ಬೇರೆ ವೇಗವರ್ಧಕ ಚಿಪ್ ಇರಲಿಲ್ಲ. ಎರಡೇ ದಿನದಲ್ಲಿ ದೂರು: ಮಧ್ಯಾಹ್ನವಾದರೆ ರೆಕಾರ್ಡಿಂಗ್ ತುಂಡುತುಂಡು, ಫ್ರಿಗೇಟ್‌ನ ‘ಸ್ಕಿಪ್ಡ್’ ಲೆಕ್ಕ ಏರುತ್ತಿದೆ, ಆ್ಯಪ್ ತೆರೆಯಲು ಅರ್ಧ ನಿಮಿಷ. ಬಿಸಿಯ ಅನುಮಾನ ಬಂದು ಗ್ರಾಫ್ ನೋಡಿದರೆ 37 ಡಿಗ್ರಿ, ಸುಸ್ಥಿರ ಗೆರೆ. ಸರಿ, ಬಿಸಿ ಅಲ್ಲ ಎಂದು ಮಗ ನಾಲ್ಕು ದಿನ ನೆಟ್‌ವರ್ಕ್ ಕೇಬಲ್, ಸ್ವಿಚ್, ಡಿಸ್ಕಿನ ಆರೋಗ್ಯ ಎಲ್ಲ ಹುಡುಕಿದ. ಏಪ್ರಿಲ್‌ನಲ್ಲಿ ಚೌಕ ಖಾಲಿ ಇದ್ದಾಗ ಯಾರಿಗೂ ಮೋಸ ಆಗಿರಲಿಲ್ಲ. ಈ 37 ನಾಲ್ಕು ದಿನ ತಿಂದಿತು.

ಬಾಗಿಲು ತೆರೆದದ್ದು ಆ ಗ್ರಾಫಿನ ಆಕಾರ. ಪ್ರೊಸೆಸರ್‌ನ ಸಿಲಿಕಾನ್ ಉಗುರಿನಷ್ಟು ಸಣ್ಣದು. ಕೆಲಸ ಬಿದ್ದ ಒಂದೆರಡು ಸೆಕೆಂಡಿನಲ್ಲೇ ಹತ್ತು ಹದಿನೈದು ಡಿಗ್ರಿ ಜಿಗಿಯುತ್ತದೆ, ಕೆಲಸ ಬಿಟ್ಟರೆ ಅಷ್ಟೇ ಬೇಗ ಬೀಳುತ್ತದೆ. ಅದರ ಗ್ರಾಫ್ ಯಾವಾಗಲೂ ಗರಗಸದ ಹಲ್ಲಿನ ಹಾಗೆ. ಹಾರ್ಡ್ ಡಿಸ್ಕ್ ಅರ್ಧ ಕಿಲೋಗೂ ಮೇಲಿನ ಲೋಹದ ಗಟ್ಟಿ. ಅದರ ಬಿಸಿ ಗಂಟೆಗಟ್ಟಲೆ ತೆವಳುತ್ತದೆ. ನಾಲ್ಕು ಕ್ಯಾಮೆರಾ ಹೊತ್ತ ಪ್ರೊಸೆಸರ್‌ನ ಗ್ರಾಫ್ ನೀರು ನಿಂತ ಗದ್ದೆಯ ಹಾಗೆ ಸಪಾಟಾಗಿದ್ದರೆ ಅದು ಪ್ರೊಸೆಸರ್‌ನದ್ದಾಗಿರಲು ಸಾಧ್ಯವೇ ಇಲ್ಲ.

ಖಚಿತಪಡಿಸಿಕೊಳ್ಳುವ ಪರೀಕ್ಷೆ ಎರಡು ನಿಮಿಷದ್ದು. ಹೋಸ್ಟ್ ಮೇಲೆ ‘ಸ್ಟ್ರೆಸ್-ಎನ್‌ಜಿ’ ಹಾಕಿ, ನಾಲ್ಕು ಕೋರ್‌ಗೂ 120 ಸೆಕೆಂಡ್ ಕೆಲಸ ಕೊಟ್ಟು, ಪಕ್ಕದ ಕಿಟಕಿಯಲ್ಲಿ ಓದನ್ನು ಸೆಕೆಂಡಿಗೊಮ್ಮೆ ನೋಡುತ್ತಿರುವುದು. ಸ್ಕ್ರಿಪ್ಟ್ ಓದುತ್ತಿದ್ದ ಫೈಲು 37ರಿಂದ ಕದಲಲಿಲ್ಲ. ‘ಸೆನ್ಸರ್ಸ್’ನ ಕೋರ್‌ಟೆಂಪ್ ಸಾಲು 61ರಿಂದ ಹೊರಟು ಹತ್ತು ಸೆಕೆಂಡಿಗೆ 88, ನಲವತ್ತು ಸೆಕೆಂಡಿಗೆ 99, ಅಲ್ಲೇ ಅಂಟಿಕೊಂಡಿತು. ಆ ಫೋಲ್ಡರಿನ ‘ನೇಮ್’ ಫೈಲು ತೆರೆದರೆ ಒಳಗೆ ಒಂದೇ ಪದ: ‘ಡ್ರೈವ್‌ಟೆಂಪ್’.

ಆಮೇಲೆ ಉಳಿದ ಸಾಕ್ಷಿಗಳು ಸಾಲಾಗಿ ಬಂದವು. ಕರ್ನಲ್ ಲಾಗ್‌ನಲ್ಲಿ, ತಾಪಮಾನ ಮಿತಿ ಮೀರಿದ್ದರಿಂದ ಪ್ರೊಸೆಸರ್ ವೇಗ ಇಳಿಸಲಾಗಿದೆ ಎನ್ನುವ ಸಂದೇಶ, ದಿನಕ್ಕೆ ಹತ್ತಾರು ಸಲ. ಪ್ರತಿ ಸಿಪಿಯು ಫೋಲ್ಡರಿನ ‘ಥರ್ಮಲ್_ಥ್ರಾಟಲ್’ ಒಳಗೆ ಇರುವ, ಹೀಗೆ ವೇಗ ಇಳಿಸಿದ ಸಲಗಳ ಎಣಿಕೆ ಸಾವಿರಗಳಲ್ಲಿ. 3.2 ಗಿಗಾಹರ್ಟ್ಸ್ ಇರಬೇಕಾದ ವೇಗ ಎರಡರ ಆಸುಪಾಸಿನಲ್ಲಿ ತೂಗಾಡುತ್ತಿತ್ತು. ಇದ್ಯಾವುದೂ ವರ್ಚುವಲ್ ಮಷೀನಿನ ಒಳಗಿಂದ ಕಾಣುವುದಿಲ್ಲ, ಒಳಗೆ ಪ್ರೊಸೆಸರ್ ಯಾವಾಗಲೂ ತನ್ನ ಹೆಸರಿನ ವೇಗದಲ್ಲೇ ಇರುವಂತೆ ತೋರುತ್ತದೆ.

ಮಗ ಫೋನ್ ಮಾಡಿದ. “ಅಪ್ಪಯ್ಯ, ಕಂಪ್ಯೂಟರ್ ಡಬ್ಬದ ಹಿಂದೆ ಕೈ ಇಟ್ಟು ನೋಡು. ಗಾಳಿ ಬರ್ತಾ ಇದ್ಯಾ?”

“ಗಾಳಿನೇ ಇಲ್ವಲ್ಲ ಮಾರಾಯ. ಫ್ಯಾನ್ ಸದ್ದು ಮಾತ್ರ ಗಿರಣಿ ಹಾಂಗೆ.”

ಫ್ಯಾನ್ ಜೋರಾಗಿ ತಿರುಗುತ್ತಿದೆ, ಗಾಳಿ ಹೊರಗೆ ಬರುತ್ತಿಲ್ಲ. ಇದಕ್ಕಿಂತ ನಿಖರವಾದ ಓದು ಯಾವ ಸೆನ್ಸರ್‌ನಿಂದಲೂ ಸಿಗುತ್ತಿರಲಿಲ್ಲ.

ಡಬ್ಬ ಬಿಚ್ಚಿದಾಗ

ಯಂತ್ರವನ್ನು ಹತ್ತು ನಿಮಿಷ ಓಡಿಸಿ, ಆಮೇಲೆ ಸರಿಯಾಗಿ ಶಟ್‌ಡೌನ್ ಮಾಡಿ, ಪವರ್ ವೈರ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಲಾಯಿತು. ಓಡಿಸಿದ್ದು ಏಕೆಂದರೆ ಒಣಗಿದ ಥರ್ಮಲ್ ಪೇಸ್ಟ್ ಬೆಚ್ಚಗಿದ್ದಾಗ ಸುಲಭವಾಗಿ ಬಿಡುತ್ತದೆ. ಬಟನ್ ಒತ್ತಿದ್ದು ಒಳಗೆ ಉಳಿದ ಚಾರ್ಜ್ ಖಾಲಿಯಾಗಲೆಂದು. ಪವರ್ ಸಪ್ಲೈ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು, ಅದರೊಳಗಿನ ಕೆಪಾಸಿಟರ್ ವೈರ್ ಕಿತ್ತ ಮೇಲೂ ಕಚ್ಚುತ್ತದೆ.

ಹಿಂದಿನ ಜಾಲರಿಯಲ್ಲಿ ಕುಂಬಾರ ಹುಳದ ಮಣ್ಣಿನ ಗೂಡು ಎರಡು. ಈ ಹುಳ ಪ್ಲಗ್ ಪಾಯಿಂಟಿನ ತೂತನ್ನೇ ಬಿಡುವುದಿಲ್ಲ, ಇದನ್ನು ಬಿಡುತ್ತದೆಯೇ. ಅವನ್ನು ಕಡ್ಡಿಯಿಂದ ಹೊರಮುಖವಾಗಿ ಕೆರೆದು ತೆಗೆಯಬೇಕು. ಒಳಗೆ ದೂಡಿದರೆ ಮಣ್ಣು ಮದರ್‌ಬೋರ್ಡ್ ಮೇಲೆ.

ಗೂಡು ಸಣ್ಣ ವಿಷಯ, ದೊಡ್ಡದು ಫ್ಯಾನಿನ ಅಡಿಯಲ್ಲಿತ್ತು. ಮೇಲಿಂದ ನೋಡಿದರೆ ಫ್ಯಾನು ಚೊಕ್ಕ, ರೆಕ್ಕೆ ಮೇಲೆ ತೆಳು ಧೂಳು ಅಷ್ಟೆ. ಮೇಲಿನಿಂದ ಬ್ರಷ್ ಆಡಿಸಿ ಮುಚ್ಚಿದ್ದರೆ ಏನೂ ಬದಲಾಗುತ್ತಿರಲಿಲ್ಲ. ನಾಲ್ಕು ಸ್ಕ್ರೂ ತೆಗೆದು ಫ್ಯಾನನ್ನು ಹೀಟ್‌ಸಿಂಕ್‌ನಿಂದ (ಪ್ರೊಸೆಸರ್‌ನ ಬಿಸಿ ಎಳೆದುಕೊಳ್ಳುವ ಲೋಹದ ಗಟ್ಟಿ) ಬೇರೆ ಮಾಡಿದಾಗ ಎರಡರ ನಡುವೆ ಕಂಬಳಿಯ ತುಂಡಿನ ಹಾಗೆ ಒಂದು ಹೊದಿಕೆ. ಒಣ ಅಡಿಕೆಯ ಸಿಪ್ಪೆ ನಾರು, ಮೂಟೆಯ ಗೋಣಿ ಎಳೆ, ಅವನ್ನೆಲ್ಲ ಅಂಟಿಸಿ ಹಿಡಿದ ಬಚ್ಚಲೊಲೆ ಹೊಗೆಯ ಜಿಗುಟು. ಪೇಟೆಯ ಮನೆಯ ಧೂಳಾದರೆ ಊದಿದರೆ ಹಾರುತ್ತದೆ. ಇದು ಹಾರುವುದಿಲ್ಲ, ಸುಲಿದೇ ತೆಗೆಯಬೇಕು. ಒಂದು ಮೂಲೆ ಚಿಮಟಿಗೆಯಲ್ಲಿ ಹಿಡಿದು ಎಳೆದರೆ ಇಡೀ ಪದರ ಒಂದೇ ತುಂಡಾಗಿ ಎದ್ದು ಬಂತು, ಸುಮಾರು ನಾಲ್ಕು ಮಿಲಿಮೀಟರ್ ದಪ್ಪ.

ಉಳಿದದ್ದನ್ನು ಮೆದು ಬ್ರಷ್ ಮತ್ತು ಕೈ ಬ್ಲೋವರ್‌ನಿಂದ ತೆಗೆಯಲಾಯಿತು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದಿರಬೇಕು. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳು.

ಹೀಟ್‌ಸಿಂಕ್‌ನ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಸಡಿಲಿಸಿ, ಎಳೆಯದೆ ಆಚೀಚೆ ತಿರುಚಿ ಬಿಡಿಸಲಾಯಿತು. ಈ ಇಂಟೆಲ್ ಸಾಕೆಟ್‌ನಲ್ಲಿ ಪ್ರೊಸೆಸರನ್ನು ಲೋಹದ ಚೌಕಟ್ಟು ಒತ್ತಿ ಹಿಡಿದಿರುತ್ತದೆ, ಹಾಗಾಗಿ ಭಯ ಕಮ್ಮಿ. ಎಎಂಡಿಯ ಎಎಂ4 ಸಾಕೆಟ್ ಆಗಿದ್ದರೆ ಹೀಟ್‌ಸಿಂಕ್ ಜೊತೆ ಪ್ರೊಸೆಸರೂ ಕಿತ್ತು ಬಂದು ಪಿನ್ ಬಾಗುವ ಅಪಾಯ ನಿಜವಾಗಿ ಇದೆ. ಹಳೆ ಪೇಸ್ಟ್ ಸುಣ್ಣದ ಹಾಗೆ ಪುಡಿಯಾಗಿತ್ತು. ಐಸೊಪ್ರೊಪಿಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ನಾರು ಬಿಡದ ಬಟ್ಟೆಯಿಂದ ಎರಡೂ ಮುಖ ಒರೆಸಿ, ನಡುವೆ ಒಂದು ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಹೀಟ್‌ಸಿಂಕ್ ಕೂರಿಸಿ, ಮತ್ತದೇ ಮೂಲೆ ಕ್ರಮದಲ್ಲಿ ಬಿಗಿ ಮಾಡಲಾಯಿತು. ಪೇಸ್ಟನ್ನು ಬೆಣ್ಣೆಯ ಹಾಗೆ ದಪ್ಪ ಮೆತ್ತಿದರೆ ಒಳ್ಳೆಯದಲ್ಲ, ಅದರ ಕೆಲಸ ಕೂದಲೆಳೆಯ ಸಂದು ತುಂಬುವುದು ಮಾತ್ರ.

ಮುಚ್ಚಿ, ಅದೇ ಪರೀಕ್ಷೆ, ಈ ಸಲ ಅರ್ಧ ಗಂಟೆ. ಕೋಣೆ 23 ಡಿಗ್ರಿ. ಸುಮ್ಮನಿದ್ದಾಗ 39, ಪೂರ್ತಿ ಹೊರೆಯಲ್ಲಿ 71ಕ್ಕೆ ನಿಂತಿತು. ಥ್ರಾಟಲ್ ಎಣಿಕೆ ಮುಂದೆ ಹೋಗಲಿಲ್ಲ.

ಈಗಿನ ಏರ್ಪಾಡು

ಸ್ಕ್ರಿಪ್ಟ್ ಈಗ ಸಂಖ್ಯೆ ನೋಡುವುದಿಲ್ಲ. ಎಲ್ಲ ಎಚ್‌ಡಬ್ಲ್ಯುಮಾನ್ ಫೋಲ್ಡರುಗಳ ‘ನೇಮ್’ ಫೈಲನ್ನು ಓದುತ್ತ ಹೋಗಿ, ‘ಕೋರ್‌ಟೆಂಪ್’ ಎಂದಿರುವುದನ್ನು ಹುಡುಕಿ, ಅದರ ‘ಟೆಂಪ್1_ಲೇಬಲ್’ನಲ್ಲಿ ‘ಪ್ಯಾಕೇಜ್ ಐಡಿ 0’ ಇದೆಯೇ ಎಂದು ಖಾತ್ರಿ ಮಾಡಿಕೊಂಡು ಮಾತ್ರ ಕಳಿಸುತ್ತದೆ. ಸಿಗದಿದ್ದರೆ ಏನನ್ನೂ ಕಳಿಸುವುದಿಲ್ಲ. ಸ್ಕ್ರಿಪ್ಟ್ ಬರೆಯುವ ಬೇಸರ ಇರುವವರು ‘ಸೆನ್ಸರ್ಸ್ -ಜೆ’ ಕೊಟ್ಟು ಅದರಿಂದ ‘ಕೋರ್‌ಟೆಂಪ್-ಐಎಸ್‌ಎ-0000’ ಎನ್ನುವ ಹೆಸರಿನ ಭಾಗವನ್ನು ತೆಗೆದುಕೊಳ್ಳಬಹುದು, ಆ ಹೆಸರು ಟೋಕನ್ ಬದಲಾದರೂ ಬದಲಾಗುವುದಿಲ್ಲ. ಅಥವಾ ಹೋಸ್ಟ್ ಮೇಲೆ ಗ್ಲಾನ್ಸಸ್ ಎಂಬ, ಯಂತ್ರದ ಸ್ಥಿತಿ ತೋರಿಸುವ ಪ್ರೋಗ್ರಾಂ ಓಡಿಸಿದರೆ 61208 ಪೋರ್ಟ್‌ನಿಂದ ಹೋಮ್ ಅಸಿಸ್ಟೆಂಟ್ ತಾನೇ ಓದಿಕೊಳ್ಳುತ್ತದೆ.

ಹೋಮ್ ಅಸಿಸ್ಟೆಂಟ್ ಕಡೆ ಆ ಸೆನ್ಸರ್‌ಗೆ ‘ಎಕ್ಸ್‌ಪೈರ್_ಆಫ್ಟರ್’ 120 ಎಂದು ಹಾಕಲಾಗಿದೆ. ಎರಡು ನಿಮಿಷ ಹೊಸ ಓದು ಬರದಿದ್ದರೆ ಚೌಕ ಮತ್ತೆ ಬೂದಿಬಣ್ಣಕ್ಕೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬೇಡವಾಗಿದ್ದ ‘ಅನ್‌ಅವೈಲೆಬಲ್’ ಈಗ ಬೇಕೆಂದೇ ಇಟ್ಟುಕೊಂಡದ್ದು. ಇದೇ ಕಾರಣಕ್ಕೆ ಎಂಕ್ಯೂಟಿಟಿ ಸಂದೇಶಕ್ಕೆ ‘ರೀಟೇನ್’ ಗುರುತು ಹಾಕಿಲ್ಲ. ಹಾಕಿದರೆ ಹೋಸ್ಟ್‌ನ ಸ್ಕ್ರಿಪ್ಟ್ ಸತ್ತಿದ್ದರೂ ಹೋಮ್ ಅಸಿಸ್ಟೆಂಟ್ ರೀಸ್ಟಾರ್ಟ್ ಆದಾಗ ಬ್ರೋಕರ್ ನಿನ್ನೆಯ ಅಂಕಿಯನ್ನು ಇವತ್ತಿನದೆಂದು ಕೊಡುತ್ತದೆ.

ಎಚ್ಚರಿಕೆಯ ಮಿತಿ ಇಡುವಾಗ ಸುಮ್ಮನೆ ಒಂದು ದುಂಡು ಅಂಕಿ ಹಾಕಲಿಲ್ಲ. ಪೂರ್ತಿ ಹೊರೆಯಲ್ಲಿ ಪ್ರೊಸೆಸರ್ ಕೋಣೆಗಿಂತ 48 ಡಿಗ್ರಿ ಮೇಲಿತ್ತು. ಏಪ್ರಿಲ್‌ನಲ್ಲಿ ಹೆಂಚಿನಡಿಯ ಆ ಕೋಣೆ 35ಕ್ಕೆ ಹೋದರೆ ಪ್ರೊಸೆಸರ್ ಸುಮಾರು 83, ಅದು ಸಹಜ. ಆದ್ದರಿಂದ 88 ದಾಟಿ ಐದು ನಿಮಿಷ ನಿಂತರೆ ಮಗನ ಫೋನಿಗೆ ಸಂದೇಶ. 95ರಲ್ಲಿ ಎರಡು ಕ್ಯಾಮೆರಾಗಳ ಗುರುತು ಹಿಡಿಯುವ ಕೆಲಸ ನಿಲ್ಲುತ್ತದೆ, ರೆಕಾರ್ಡಿಂಗ್ ನಿಲ್ಲುವುದಿಲ್ಲ. ಇನ್ನೊಂದು ಎಚ್ಚರಿಕೆ ಉಲ್ಟಾ ದಿಕ್ಕಿನದು: ಪ್ರೊಸೆಸರ್ ಬಳಕೆ ಶೇಕಡ 70ರ ಮೇಲೆ ಇದ್ದೂ ಹತ್ತು ನಿಮಿಷದಲ್ಲಿ ತಾಪಮಾನ ಎರಡು ಡಿಗ್ರಿಯೂ ಅಲ್ಲಾಡದಿದ್ದರೆ ಅದಕ್ಕೂ ಸಂದೇಶ ಬರುತ್ತದೆ.

ಡ್ರೈವ್‌ಟೆಂಪ್ ಉಳಿದಿದೆ, ಆದರೆ ಅದನ್ನು ಅರ್ಧ ನಿಮಿಷಕ್ಕೊಮ್ಮೆ ಓದುವುದನ್ನು ಬಿಡಲಾಗಿದೆ. ಕೆಲವು ಡಿಸ್ಕ್‌ಗಳಲ್ಲಿ ತಾಪಮಾನ ಓದಿದರೆ ನಿದ್ದೆಗೆ ಹೋಗುವ ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಈ ಮನೆಯ ಡಿಸ್ಕ್ ರೆಕಾರ್ಡಿಂಗ್‌ನಿಂದಾಗಿ ಹೇಗೂ ಮಲಗುವುದಿಲ್ಲ, ಆದರೂ ಹತ್ತು ನಿಮಿಷಕ್ಕೊಮ್ಮೆ ಸಾಕು.

ಯಂತ್ರವನ್ನು ಅಡಿಕೆ ಮೂಟೆಯ ಕಡೆಯ ಗೋಡೆಯಿಂದ ತೆಗೆದು ಕಿಟಕಿ ಬದಿಗೆ, ನೆಲದಿಂದ ಎರಡಡಿ ಎತ್ತರಕ್ಕೆ ಇಡಲಾಗಿದೆ. ಗಾಳಿ ಒಳಗೆ ಹೋಗುವ ಮುಂಬದಿಗೆ ಸೊಳ್ಳೆ ಪರದೆಯ ಬಟ್ಟೆ ಒಂದೇ ಪದರ, ಮ್ಯಾಗ್ನೆಟ್ ಪಟ್ಟಿಯಿಂದ ಅಂಟಿಸಿದ್ದು. ಅದನ್ನು ಸುಗ್ಗಿಯಲ್ಲಿ ವಾರಕ್ಕೊಮ್ಮೆ ಅಪ್ಪಯ್ಯ ಕೊಡವುತ್ತಾರೆ. ಬಟ್ಟೆ ಹಾಕಿದ್ದಕ್ಕೆ ಪೂರ್ತಿ ಹೊರೆಯ ಓದು 71ರಿಂದ 74ಕ್ಕೆ ಏರಿತು. ಆ ಮೂರು ಡಿಗ್ರಿ ಕೊಟ್ಟರೂ ಲಾಭವೇ.

ಫ್ಯಾನ್ ವೇಗದ ಚೌಕ ಇನ್ನೂ ಖಾಲಿ. ಈ ಮದರ್‌ಬೋರ್ಡಿನಲ್ಲಿ ಫ್ಯಾನ್ ವೇಗ ಕೊಡುವ ಚಿಪ್‌ನ ವಿಳಾಸವನ್ನು ಬಯಾಸ್ ತನ್ನದೆಂದು ಹಿಡಿದುಕೊಂಡಿದೆ, ಡ್ರೈವರ್ ಹತ್ತಿರ ಹೋಗಲು ಕರ್ನಲ್ ಬಿಡುವುದಿಲ್ಲ. ‘ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್’ ಎಂಬುದನ್ನು ‘ಲ್ಯಾಕ್ಸ್’ ಎಂದು ಬೂಟ್‌ನಲ್ಲಿ ಕೊಟ್ಟರೆ ಬಿಡುತ್ತದೆ. ಆದರೆ ಆಗ ಬಯಾಸ್ ಮತ್ತು ಡ್ರೈವರ್ ಒಂದೇ ಚಿಪ್‌ಗೆ ಏಕಕಾಲಕ್ಕೆ ಕೈ ಹಾಕುತ್ತವೆ, ಫ್ಯಾನ್ ತಪ್ಪು ವೇಗಕ್ಕೆ ಹೋಗಬಹುದು, ಯಂತ್ರ ನಿಂತೂ ಹೋಗಬಹುದು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಯಾರೂ ಬೆಂಗಳೂರಿನಿಂದ ಬರಲಾಗದ ಮನೆಯ ಸರ್ವರ್ ಮೇಲೆ ಆ ಪ್ರಯೋಗ ಬೇಡವೆಂದು ಚೌಕವನ್ನು ಹಾಗೇ ಬಿಡಲಾಗಿದೆ. ಗಾಳಿ ಬರುತ್ತಿದೆಯೇ ಎನ್ನುವುದನ್ನು ಪರದೆ ಬಟ್ಟೆ ಕೊಡವುವಾಗ ಅಪ್ಪಯ್ಯ ಹಿಂದೆ ಕೈ ಇಟ್ಟು ನೋಡುತ್ತಾರೆ.